ರಾತ್ರಿ ಹಾಯಿದೋಣಿಯಲ್ಲಿ ಇಂಗ್ಲಿಷ್ ಚಾನೆಲ್ ದಾಟುವಾಗ ಅರ್ಧಕ್ಕಿಂತ ಜಾಸ್ತಿ ಕ್ರೂ ಮಲಗಿಬಿಟ್ಟರು. ಮುಂದಿನ ಸಲಕ್ಕೆ ಏನು ಬದಲಾಯಿಸಬೇಕು?

ರೆಡಿಂಗ್_ಹಾಯಿ:

ನಮಸ್ಕಾರ. ಇಲ್ಲಿ ಹಾಯಿದೋಣಿ ಓಡಿಸುವವರು, ಹಡಗಿನಲ್ಲಿ ಕೆಲಸ ಮಾಡುವವರು ಇದ್ದೀರಿ ಅಂತ ಗೊತ್ತು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಓದಿ ನೇರವಾಗಿ ಹೇಳಿ.

ಜೂನ್‌ನಲ್ಲಿ ನಾವು ಐದು ಜನ 34 ಅಡಿಯ ಬಾಡಿಗೆ ಯಾಟ್‌ನಲ್ಲಿ ಇಂಗ್ಲೆಂಡಿನ ಲಿಮಿಂಗ್ಟನ್‌ನಿಂದ ಫ್ರಾನ್ಸಿನ ಶೆರ್ಬೂರ್‌ಗೆ ಹೋದೆವು. ವೈಟ್ ದ್ವೀಪದ ಪಶ್ಚಿಮ ತುದಿಯಲ್ಲಿರುವ ನೀಡಲ್ಸ್ ಬಂಡೆಗಳಿಂದ ನೇರ ದಕ್ಷಿಣಕ್ಕೆ ಸುಮಾರು 60 ನಾಟಿಕಲ್ ಮೈಲಿ. 5 ನಾಟ್ ವೇಗ, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಸಿಕ್ಕರೆ 12 ಗಂಟೆ. ಸಂಜೆ ಹೊರಟರೆ ಬೆಳಗ್ಗೆ ಬೆಳಕಿನಲ್ಲಿ ಬಂದರು ಸೇರಬಹುದು ಅನ್ನುವುದು ಪ್ಲಾನ್. ಸ್ಕಿಪ್ಪರ್, ಅಂದರೆ ದೋಣಿಯ ಮುಖ್ಯಸ್ಥರು, ನನ್ನ ಆಫೀಸಿನವರು, ಈ ದಾರಿ ಅವರಿಗೆ ಹೊಸದಲ್ಲ. ನಾನು ಅವರ ಕೈಕೆಳಗೆ ಎರಡನೆಯವನು, ಡೇ ಸ್ಕಿಪ್ಪರ್ ಕೋರ್ಸ್ ಮುಗಿಸಿದ್ದೇನೆ. ಉಳಿದವರು ನನ್ನ ಹೆಂಡತಿ, ಅವಳ ತಮ್ಮ, ಇನ್ನೊಬ್ಬ ಗೆಳೆಯ. ಮೂವರೂ ವೈಟ್ ದ್ವೀಪಕ್ಕೂ ಇಂಗ್ಲೆಂಡಿಗೂ ನಡುವಿನ ಸೋಲೆಂಟ್ ಜಲಸಂಧಿಯ ಒಳಗೆ ಹಗಲಲ್ಲಿ ಓಡಾಡಿದವರೇ, ಆದರೆ ರಾತ್ರಿಯ ಕಡಲು ಅವರಿಗೆ ಅದೇ ಮೊದಲು.

ಮುನ್ಸೂಚನೆಯಲ್ಲಿ ನೈಋತ್ಯ ಗಾಳಿ, ಗಾಳಿಯ ಜೋರು ಹೇಳುವ ಬ್ಯೂಫೋರ್ಟ್ ಅಳತೆಯಲ್ಲಿ 4ರಿಂದ 5, ಕೆಲವೊಮ್ಮೆ 6 ಅಂತಿತ್ತು. ಎಲ್ಲರಿಗೂ ರಜೆ ಸಿಕ್ಕಿತ್ತು, ಭಾವಮೈದುನನ ಷೆಂಗೆನ್ ವೀಸಾ ಆ ವಾರಕ್ಕೇ ಕೊಟ್ಟಿದ್ದರು, ಹಾಗಾಗಿ ಹೊರಟೆವು. ಹರ್ಸ್ಟ್ ಕೋಟೆಯ ಹತ್ತಿರ ಇಕ್ಕಟ್ಟಿನಲ್ಲಿ ಇಳಿತದ ಸೆಳೆತ ನಮ್ಮನ್ನು ಬೇಗ ಬೇಗ ಹೊರಗೆ ತಳ್ಳಿತು. ಅಲ್ಲಿವರೆಗೂ ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನೀಡಲ್ಸ್ ದಾಟಿದ್ದೇ ಅಲೆ ಎದುರಿಗೆ ಬಂತು. ಎತ್ತರ ಅಂತ ಅಷ್ಟೇನಿರಲಿಲ್ಲ, ಆದರೆ ಕಡಿದಾಗಿ ಒಂದರ ಹಿಂದೆ ಒಂದು ಒತ್ತೊತ್ತಾಗಿ ಬರುತ್ತಿದ್ದವು. ದೋಣಿಯ ಮುಂಭಾಗ ಒಂದು ಅಲೆ ಹತ್ತಿ ಇಳಿಯುವ ಮೊದಲೇ ಮುಂದಿನದರ ಮೇಲೆ ದಡ್ ಅಂತ ಬೀಳುತ್ತಿತ್ತು. ಗೆಳೆಯ ಟೀ ಮಾಡಲು ಕೆಳಗೆ ಹೋದ. ಚಮಚದ ಡ್ರಾಯರ್ ಬಿಚ್ಚಿಕೊಂಡು ಎಲ್ಲಾ ನೆಲಕ್ಕೆ ಸುರಿಯಿತು, ಅದನ್ನು ಬಗ್ಗಿ ಆರಿಸುತ್ತಿದ್ದವನು ಹಾಗೇ ಮೇಲೆ ಬಂದು ಮೂಲೆಯಲ್ಲಿ ಕೂತ, ಮತ್ತೆ ಏಳಲಿಲ್ಲ. ಭಾವಮೈದುನ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡುತ್ತಿದ್ದ, ಹೆಂಡತಿ ಅವನ ಹಾರ್ನೆಸ್ (ಎದೆಗೆ ಕಟ್ಟುವ ಸುರಕ್ಷತಾ ಬೆಲ್ಟ್) ಪಟ್ಟಿ ಹಿಡಿದುಕೊಂಡು ಕೂತಿದ್ದಳು. ಕತ್ತಲಾಗುವಾಗ ನಾನೂ ಸ್ಕಿಪ್ಪರೂ ಎರಡನೇ ರೀಫ್ ಹಾಕಿ ಹಾಯಿ ಇನ್ನೂ ಚಿಕ್ಕದು ಮಾಡಿದೆವು. ಮಧ್ಯರಾತ್ರಿ ಹೊತ್ತಿಗೆ ಹೆಂಡತಿಯೂ ಮಲಗಿದಳು. ಅಲ್ಲಿಂದ ನಾವಿಬ್ಬರೇ.

ಚಾನೆಲ್ ಮಧ್ಯದಲ್ಲಿ ಹಡಗುಗಳ ಸಾಲು. ಎಡಗಡೆಯಿಂದ ಬಂದ ಒಂದರ ಕೆಂಪು, ಹಸಿರು ಎರಡೂ ದೀಪ ಒಟ್ಟಿಗೇ ಕಾಣಿಸುತ್ತಿದ್ದವು, ಅಂದರೆ ನೇರ ನಮ್ಮ ಕಡೆಗೇ ಮುಖ. ನಾವು ತಿರುಗಿ ಅದನ್ನು ಮುಂದೆ ಹೋಗಲು ಬಿಟ್ಟೆವು. ಆಮೇಲೆ ಗಾಳಿ ಮೀಟರಿನಲ್ಲಿ 28, 30 ಕಾಣಿಸತೊಡಗಿತು. ನನಗೆ ನಿಜವಾಗಿ ಭಯವಾದದ್ದು ಬೆಳಗಿನ ಜಾವ. ರಾತ್ರಿಯಿಡೀ ಕಣ್ಣು ಮುಚ್ಚದ ಸ್ಕಿಪ್ಪರ್ ಉಬ್ಬರ ಇಳಿತದ ಟೇಬಲ್‌ನಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದರು, ಪ್ರತಿ ಸಲ ಬೇರೆ ಉತ್ತರ ಬರುತ್ತಿತ್ತು. ಶೆರ್ಬೂರ್‌ನ ಹೊರಗೋಡೆ ದೊಡ್ಡದು, ಯಾವ ಹವೆಯಲ್ಲೂ, ಯಾವ ಉಬ್ಬರದಲ್ಲೂ ಒಳಗೆ ಹೋಗಬಹುದು. ಅದರಿಂದ ಸುಖವಾಗಿ ಸೇರಿದೆವು.

ಸೆಪ್ಟೆಂಬರ್‌ನಲ್ಲಿ ಇದೇ ದಾರಿಗೆ ನಾನೇ ಸ್ಕಿಪ್ಪರ್ ಆಗಿ ಹೋಗುವ ಆಸೆ ಇದೆ. ಭಾವಮೈದುನ ಜನ್ಮದಲ್ಲಿ ಬರಲ್ಲ ಅಂತಾನೆ. ಹೆಂಡತಿ ಯೋಚನೆ ಮಾಡ್ತೀನಿ ಅಂದಿದ್ದಾಳೆ. ಆ ರಾತ್ರಿ ವಾಪಸ್ ತಿರುಗಬೇಕಿತ್ತಾ? ತಿರುಗುವುದಾದರೆ ಯಾವಾಗ? ಇಂಥ ಕ್ರೂ ಇಟ್ಟುಕೊಂಡು ರಾತ್ರಿ ದಾಟುವುದು ಹೇಗೆ?


ಸೌತಾಂಪ್ಟನ್_ಜೋಶಿ:

ಎಲ್ಲರೂ ಕ್ಷೇಮವಾಗಿ ಸೇರಿದ್ದು ಕೇಳಿ ಸಮಾಧಾನ. ಬಹಳ ವರ್ಷಗಳಿಂದ ಇದೇ ನೀರಿನಲ್ಲಿ ಓಡಾಡುತ್ತಿದ್ದೇನೆ, ನೀವು ಬರೆದದ್ದು ಒಂದೊಂದು ಸಾಲೂ ಕಣ್ಣಿಗೆ ಕಟ್ಟಿತು.

ಮೊದಲು ಗಾಳಿಯ ಲೆಕ್ಕ. 4ರಿಂದ 5, ಕೆಲವೊಮ್ಮೆ 6 ಅಂದರೆ 11 ನಾಟ್‌ನಿಂದ 27 ನಾಟ್‌ವರೆಗೆ ಏನು ಬೇಕಾದರೂ ಬರಬಹುದು ಅಂತ. ಅದೂ ಸರಾಸರಿ, ನಡುನಡುವೆ ರಭಸವಾಗಿ ಬೀಸುವ ಗಾಳಿ ಅದಕ್ಕಿಂತ ಜಾಸ್ತಿ ಇರುತ್ತದೆ. ನೀವು ನೋಡಿದ 28, 30 ಮುನ್ಸೂಚನೆ ತಪ್ಪಿದ್ದರಿಂದ ಬಂದದ್ದಲ್ಲ. ಇನ್ನೊಂದು ವಿಷಯ, ಶೆರ್ಬೂರ್ ನೇರ ದಕ್ಷಿಣಕ್ಕಿದೆ, ಗಾಳಿ ನೈಋತ್ಯದಿಂದ. ಅಂದರೆ ಇಡೀ ರಾತ್ರಿ ಗಾಳಿಗೆ ಎದುರೆದುರೇ ಹೋಗಬೇಕು. 20 ನಾಟ್ ಗಾಳಿಯಲ್ಲಿ 5 ನಾಟ್ ವೇಗದಲ್ಲಿ ಎದುರು ಹೋಗುವ ದೋಣಿಯ ಮೇಲೆ ಸುಮಾರು 24 ನಾಟ್ ಗಾಳಿ ಬೀಸುತ್ತದೆ. ಅದೇ ಗಾಳಿ ಬೆನ್ನ ಹಿಂದಿದ್ದರೆ 15 ಮಾತ್ರ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುವುದರಿಂದ ಹಾಯಿಯ ಮೇಲಿನ ಭಾರ ಎರಡೂವರೆ ಪಟ್ಟು ಆಗುತ್ತದೆ. ಮುನ್ಸೂಚನೆಯ ಸಾಲು ಒಂದೇ, ಹೋಗುವ ದಿಕ್ಕು ಬದಲಾದರೆ ರಾತ್ರಿಯೇ ಬೇರೆ. ಹೊಸಬರನ್ನು ಕರೆದುಕೊಂಡು ಹೋಗುವಾಗ ನಾನು ಗಾಳಿ ಎಷ್ಟು ಅಂತ ಕೇಳುವ ಮೊದಲು ಎಲ್ಲಿಂದ ಅಂತ ಕೇಳುತ್ತೇನೆ. ವಾಯವ್ಯದಿಂದ 5 ಇದ್ದರೆ ಖುಷಿಯಾಗಿ ಹೊರಡುತ್ತೇನೆ. ನೈಋತ್ಯದಿಂದ 5 ಇದ್ದರೆ ಲಿಮಿಂಗ್ಟನ್‌ನಲ್ಲೇ ಊಟ ಮಾಡಿ ಮಲಗುತ್ತೇನೆ.

ಎರಡನೆಯದು ನೀಡಲ್ಸ್. ಇಳಿತದ ನೀರು ಪಶ್ಚಿಮಕ್ಕೆ ಓಡುತ್ತಿರುತ್ತದೆ, ಗಾಳಿ ಎದುರಿಂದ ಬರುತ್ತಿರುತ್ತದೆ. ನೀರೂ ಗಾಳಿಯೂ ಎದುರುಬದುರಾದರೆ ಅಲೆ ಕಡಿದಾಗುತ್ತದೆ, ಒತ್ತೊತ್ತಾಗುತ್ತದೆ. ಪಕ್ಕದಲ್ಲೇ ಶಿಂಗಲ್ಸ್ ದಿಬ್ಬ ಬೇರೆ ಇದೆ, ಅಲ್ಲಿ ನೀರು ತೀರಾ ಕಡಿಮೆ. ಮೊದಲ ಎರಡು ಗಂಟೆಯಲ್ಲೇ ಕ್ರೂ ಹೊಟ್ಟೆ ಕೆಟ್ಟರೆ ಮಿಕ್ಕ ಹತ್ತು ಗಂಟೆ ಸರಿಹೋಗುವುದು ಕಷ್ಟ. ಇಳಿತದ ಕೊನೆಗೆ, ಸೆಳೆತ ಕಡಿಮೆಯಾದ ಮೇಲೆ ದಾಟಿದ್ದರೆ ಅದೇ ಜನ ಅಷ್ಟು ಹೊತ್ತಾದರೂ ಗಟ್ಟಿಯಾಗಿರುತ್ತಿದ್ದರು.

ವಾಪಸ್ ತಿರುಗುವುದರ ಬಗ್ಗೆ ನನ್ನ ಉತ್ತರ: ಹೌದು, ತಿರುಗಬಹುದಿತ್ತು, ಗೆಳೆಯ ಮೂಲೆ ಸೇರಿದ ಹೊತ್ತಿಗೇ. ಗಾಳಿಗೆ ಬೆನ್ನು ತಿರುಗಿಸಿದ ಐದು ನಿಮಿಷದಲ್ಲಿ ದೋಣಿ ಶಾಂತವಾಗುತ್ತದೆ, ಜನರ ಮುಖಕ್ಕೆ ಬಣ್ಣ ಬರುತ್ತದೆ. ನೀಡಲ್ಸ್ ಒಳಗೆ ಕತ್ತಲಲ್ಲಿ ಮತ್ತೆ ನುಗ್ಗುವುದು ಬೇಡ ಅನಿಸಿದರೆ ಸ್ಟಡ್‌ಲ್ಯಾಂಡ್ ಕೊಲ್ಲಿ ಇದೆ, ಪೂಲ್ ಹತ್ತಿರ. ಪಶ್ಚಿಮ, ನೈಋತ್ಯ ಗಾಳಿಗೆ ಅದು ಒಳ್ಳೆಯ ಮರೆ. ಲಂಗರು ಹಾಕಿ, ಬಿಸಿ ಏನಾದರೂ ತಿಂದು, ಬೆಳಗ್ಗೆ ನೋಡಿದರಾಯಿತು. ಅರ್ಧ ದಾರಿ ದಾಟಿದ ಮೇಲೆ ತಿರುಗುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಬೆಳಕಿರುವಾಗಲೇ ಒಂದು ಜಾಗ ಗುರುತು ಮಾಡಿ "ಇಲ್ಲಿ ನಿಂತು ಕೇಳುತ್ತೇನೆ, ಇಬ್ಬರಿಗೆ ಹುಷಾರಿಲ್ಲ ಅಂದರೆ ವಾಪಸ್" ಅಂತ ಹೊರಡುವ ಮೊದಲೇ ಎಲ್ಲರ ಎದುರು ಹೇಳಿಬಿಡಿ. ಆಗ ಯಾರಿಗೂ ತನ್ನಿಂದ ಪ್ಲಾನ್ ಕೆಟ್ಟಿತು ಅನ್ನುವ ಸಂಕೋಚ ಇರುವುದಿಲ್ಲ. ರಜೆ, ವೀಸಾ ಇವೆರಡನ್ನೂ ಈ ಲೆಕ್ಕದಿಂದ ಹೊರಗಿಡಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಸ್ಕಿಪ್ಪರ್ ನಿದ್ದೆ. ಆ ರಾತ್ರಿಯ ದೊಡ್ಡ ಅಪಾಯ ಗಾಳಿಯಲ್ಲ, ಇದು. ನೀವಿಬ್ಬರೇ ಉಳಿದರೂ ಎರಡೆರಡು ಗಂಟೆಗೆ ಬದಲಾಗಬೇಕಿತ್ತು. ನಿದ್ದೆ ಬರದಿದ್ದರೂ ಒದ್ದೆ ಜಾಕೆಟ್ ತೆಗೆದು ಬಂಕಿನಲ್ಲಿ ಕಣ್ಣು ಮುಚ್ಚಿ ಮಲಗಬೇಕು. ಬಂಕಿಗೆ ಲೀ ಕ್ಲಾತ್ ಕಟ್ಟಿರಬೇಕು, ಅದು ಮಲಗಿದವರು ಉರುಳದ ಹಾಗೆ ತಡೆಯುವ ಬಟ್ಟೆ. ಅದಿಲ್ಲದಿದ್ದರೆ ವಾಲಿದ ದೋಣಿಯಲ್ಲಿ ಯಾರೂ ಮಲಗಲಾರರು.


ಪೋರ್ಟ್ಸ್‌ಮತ್_ಡಾಕ್ಟರ್:

ಜೋಶಿಯವರು ದೋಣಿ ವಿಷಯ ಹೇಳಿದ್ದಾರೆ, ನಾನು ಹೊಟ್ಟೆ ವಿಷಯ ಹೇಳುತ್ತೇನೆ. ನಾನು ವೈದ್ಯೆ, ನಾನೂ ಕ್ರೂ ಆಗಿ ಹೋಗುತ್ತಿರುತ್ತೇನೆ.

ಮಾತ್ರೆ ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಅದೂ ಹೊರಗೇ. ಸಿನ್ನರಿಜಿನ್ ಆದರೆ ಹೊರಡುವುದಕ್ಕೆ ಎರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಸ್ಟುಜೆರಾನ್ ಅನ್ನುವ ಹೆಸರಿನಲ್ಲಿ ಇಲ್ಲೂ ಸಿಗುತ್ತದೆ, ಊರಲ್ಲೂ ಸಿಗುತ್ತದೆ. ಕಿವಿ ಹಿಂದೆ ಅಂಟಿಸುವ ಹಯೋಸಿನ್ ಪಟ್ಟಿ ಆದರೆ ಇನ್ನೂ ಬೇಗ, ಐದಾರು ಗಂಟೆ ಮೊದಲು ಅಥವಾ ಹಿಂದಿನ ರಾತ್ರಿಯೇ. ಎರಡೂ ಮಂಪರು ತರುತ್ತವೆ, ಕೆಲವರಿಗೆ ಜಾಸ್ತಿ. ಗ್ಲಾಕೋಮಾ ಇರುವವರಿಗೆ ಹಯೋಸಿನ್ ಆಗುವುದಿಲ್ಲ. ಬೇರೆ ಮಾತ್ರೆ ನಡೆಯುತ್ತಿದ್ದರೆ ನಿಮ್ಮ ಡಾಕ್ಟರನ್ನೋ ಫಾರ್ಮಸಿಯವರನ್ನೋ ಕೇಳಿ, ಮೊದಲು ಮನೆಯಲ್ಲಿ ರಜೆ ದಿನ ಒಂದು ತೆಗೆದುಕೊಂಡು ನೋಡಿ. ಕತ್ತಲಲ್ಲಿ ಡೆಕ್ ಮೇಲೆ ಮೊದಲ ಸಲ ಪ್ರಯೋಗ ಮಾಡಬೇಡಿ.

ದಯವಿಟ್ಟು ಇದೊಂದು ಬದಲಾಯಿಸಿ: ರಾತ್ರಿ ಯಾರೂ ಅಂಚಿಗೆ ಬಾಗಿ ವಾಂತಿ ಮಾಡಬಾರದು. ಕಾಕ್‌ಪಿಟ್, ಅಂದರೆ ಎಲ್ಲರೂ ಕೂರುವ ತೆರೆದ ಜಾಗದ, ನೆಲದಲ್ಲಿ ಬಕೆಟ್ ಇಡಿ. ಜೂನ್‌ನಲ್ಲಿ ಚಾನೆಲ್ ನೀರು 14, 15 ಡಿಗ್ರಿ ಇರುತ್ತದೆ. ಅದರಲ್ಲಿ ಬಿದ್ದವರಿಗೆ ಮೊದಲ ಕ್ಷಣದಲ್ಲೇ ಉಸಿರು ಎಳೆದುಕೊಳ್ಳುತ್ತದೆ, ಬಾಯಿಗೆ ನೀರು ಹೋಗುತ್ತದೆ. ರಾತ್ರಿ ಅಲೆ ನಡುವೆ ಒಂದು ತಲೆ ಹುಡುಕುವುದು ಎಷ್ಟು ಕಷ್ಟ ಅಂತ ಅಭ್ಯಾಸ ಮಾಡುವಾಗ ನೋಡಿದ್ದೇನೆ. ಮೆಟ್ಟಿಲ ಮೇಲೆ ಇನ್ನೊಂದು ಕಾಲು ಒಳಗಿರುವಾಗಲೇ ಹಾರ್ನೆಸ್ ಕೊಂಡಿ ಹಾಕಿಕೊಳ್ಳಬೇಕು, ಒಳಗೆ ಇಳಿದ ಮೇಲೆ ಬಿಚ್ಚಬೇಕು. ನಿಮ್ಮ ಮನೆಯವರು ಪಟ್ಟಿ ಹಿಡಿದು ಕೂತಿದ್ದರು ಅಂತ ಬರೆದಿದ್ದೀರಿ. ಆ ಪಟ್ಟಿಯ ಇನ್ನೊಂದು ತುದಿ ದೋಣಿಗೆ ಸಿಕ್ಕಿಸಿತ್ತು ಅಂದುಕೊಳ್ಳುತ್ತೇನೆ.

ವಾಂತಿಗಿಂತ ನನಗೆ ಚಳಿಯ ಭಯ ಜಾಸ್ತಿ. ಒದ್ದೆ ಬಟ್ಟೆ, ಹೊಟ್ಟೆಯಲ್ಲಿ ಏನೂ ಇಲ್ಲ, ಗಾಳಿಗೆ ಅಲ್ಲಾಡದೆ ಕೂತಿರುವುದು. ನಡುಗುತ್ತಿದ್ದವರು ನಡುಕ ನಿಲ್ಲಿಸಿ ಸುಮ್ನೆ ಆದರೆ, ಮಾತು ತೊದಲಿದರೆ, ಅದು ಸುಸ್ತು ಅಂತ ಬಿಡಬೇಡಿ. ಒಣ ಬಟ್ಟೆ ಹಾಕಿಸಿ ಸ್ಲೀಪಿಂಗ್ ಬ್ಯಾಗ್ ಒಳಗೆ ಮಲಗಿಸಿ. ಮೈ ಬಿಸಿಯಾಗದಿದ್ದರೆ ವಿಎಚ್‌ಎಫ್ ರೇಡಿಯೋದಲ್ಲಿ ಕೋಸ್ಟ್‌ಗಾರ್ಡ್ ಕರೆದು ವೈದ್ಯರ ಸಲಹೆ ಕೇಳಿ, ಅದಕ್ಕೆ ಮುಜುಗರ ಪಡಬಾರದು. ನಾನು ಫ್ಲಾಸ್ಕ್‌ನಲ್ಲಿ ತೆಳ್ಳಗಿನ ಗಂಜಿ ಒಯ್ಯುತ್ತೇನೆ, ಚೂರು ಉಪ್ಪು, ಶುಂಠಿ ಹಾಕಿ. ಎರಡೆರಡು ಗುಟುಕು ಕುಡಿದರೆ ಸಾಕು, ನಿಲ್ಲುತ್ತದೆ. ಒಂದು ಡಬ್ಬಿ ಹುರಿಗಡಲೆ. ಹೊರಡುವ ಮುನ್ನ ಎಣ್ಣೆ ತಿಂಡಿ, ಬಿಯರ್ ಬೇಡವೇ ಬೇಡ.


ಮಧ್ಯರಾತ್ರಿ_ವಾಚ್:

ಎಲ್ಲರಿಗೂ ನಮಸ್ಕಾರ, ನಾನು ಕಾರವಾರದವನು, ಕಂಟೇನರ್ ಹಡಗಿನಲ್ಲಿ ಸೆಕೆಂಡ್ ಆಫೀಸರ್. ರಾತ್ರಿ 12ರಿಂದ 4ರ ವಾಚ್ (ಕಾವಲು ಪಾಳಿ) ನನ್ನದೇ, ಅಂದರೆ ನೀವು ಹೇಳಿದ ಹೊತ್ತಿನಲ್ಲಿ ಆ ದೀಪಗಳ ಹಿಂದೆ ನಿಂತಿರುವವನು ನನ್ನಂಥವನು. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳಿದರೆ ಉಪಯೋಗ ಆಗಬಹುದು.

12 ಮೀಟರ್‌ಗಿಂತ ಚಿಕ್ಕ ದೋಣಿಯ ಬದಿಯ ಕೆಂಪು, ಹಸಿರು ದೀಪ ಒಂದು ಮೈಲಿ ದೂರ ಕಂಡರೆ ಸಾಕು ಅಂತ ನಿಯಮ. 18 ನಾಟ್‌ನಲ್ಲಿ ಹೋಗುವ ಹಡಗು ಒಂದು ಮೈಲಿ ದಾಟಲು 3 ನಿಮಿಷ 20 ಸೆಕೆಂಡ್. ಅಷ್ಟರಲ್ಲಿ ನಾನು ಅದು ದೀಪವೇ ಅಂತ ಖಚಿತ ಮಾಡಿಕೊಂಡು, ಯಾವ ಕಡೆ ಹೋಗುತ್ತಿದೆ ನೋಡಿ, ಚುಕ್ಕಾಣಿಯವನಿಗೆ ಹೇಳಿ, ಹಡಗು ತಿರುಗಬೇಕು. ಹಾಯಿ ವಾಲಿ ದೀಪ ಅಲೆ ಮರೆಗೆ ಹೋಗಿ ಬಂದು ಮಾಡುತ್ತಿದ್ದರೆ ಅದೂ ಇಲ್ಲ. ಅಲೆ ಜೋರಿದ್ದಾಗ ರಾಡಾರ್ ಪರದೆಯಲ್ಲಿ ನಮ್ಮ ಸುತ್ತ ಅಲೆಗಳೇ ಚುಕ್ಕಿ ಚುಕ್ಕಿ ತೋರುತ್ತವೆ. ಫೈಬರ್ ದೋಣಿ ಅದರಲ್ಲಿ ಕಳೆದುಹೋಗುತ್ತದೆ. ನಮ್ಮ ಮುಂಭಾಗದ ಹತ್ತಿರ ಬಂದುಬಿಟ್ಟರೆ ಕಂಟೇನರ್ ಸಾಲು ಮರೆ ಮಾಡುತ್ತದೆ. 500 ಮೀಟರ್‌ವರೆಗೆ ಮುಂದಿನ ನೀರು ಕಾಣದೇ ಇರಬಹುದು ಅಂತ ನಿಯಮವೇ ಒಪ್ಪುತ್ತದೆ.

ಹಾಗಾಗಿ ಕೈಮುಗಿದು ಕೇಳುತ್ತೇನೆ, ಎಐಎಸ್ ಹಾಕಿಸಿ, ಅದು ದೋಣಿ ಎಲ್ಲಿದೆ ಅಂತ ರೇಡಿಯೋದಲ್ಲಿ ತಿಳಿಸುವ ಸಾಧನ. ಬರೀ ನೋಡುವಂಥದ್ದಲ್ಲ, ಕಳಿಸುವಂಥದ್ದು. ಸಣ್ಣ ದೋಣಿಗಳ ಸೆಟ್ 2ರಿಂದ 5 ವ್ಯಾಟ್ ಅಷ್ಟೇ, ಆದರೆ ಅದು ಪರದೆ ಮೇಲೆ ಹೆಸರು, ವೇಗ, ದಿಕ್ಕು ಸಮೇತ ಮೂಡಿದರೆ ನಾನು ಮೈಲಿಗಟ್ಟಲೆ ಮೊದಲೇ ಸ್ವಲ್ಪ ತಿರುಗಿಸಿ ಹೋಗುತ್ತೇನೆ, ನಿಮಗೆ ಗೊತ್ತೂ ಆಗುವುದಿಲ್ಲ. ಎಂಜಿನ್ ಹಡಗು ಹಾಯಿದೋಣಿಗೆ ದಾರಿ ಬಿಡಬೇಕು ಅನ್ನುವ ನಿಯಮ ಇದೆ, ಅದನ್ನು ಪಾಲಿಸುವವರೂ ಬಹಳ ಜನ ಇದ್ದೇವೆ. ಆದರೆ ಕಾಣದಿದ್ದರೆ ಪಾಲಿಸುವುದು ಹೇಗೆ? ನಿಮಗೆ ಸಂಶಯ ಬಂದರೆ ಬೇಗ ತಿರುಗಿ, ದೊಡ್ಡದಾಗಿ ತಿರುಗಿ. ಐದು ಡಿಗ್ರಿ ತಿರುಗಿದರೆ ನಮಗೆ ತಿಳಿಯುವುದೇ ಇಲ್ಲ. ಟಾರ್ಚ್ ನಮ್ಮ ಬ್ರಿಡ್ಜ್ ಕಡೆ ಬಿಡಬೇಡಿ, ಕಣ್ಣು ಕುಕ್ಕಿ ಏನೂ ಕಾಣುವುದಿಲ್ಲ. ನಿಮ್ಮ ಹಾಯಿಯ ಮೇಲೇ ಬಿಡಿ, ಬಿಳಿ ಹಾಯಿ ಬಹಳ ದೂರಕ್ಕೆ ಕಾಣುತ್ತದೆ.

ಇನ್ನೊಂದು. ಇಂಗ್ಲೆಂಡಿನಿಂದ ದಕ್ಷಿಣಕ್ಕೆ ಹೋಗುವವರಿಗೆ ಮೊದಲು ಎಡಗಡೆಯಿಂದ ಪಶ್ಚಿಮಕ್ಕೆ ಹೋಗುವ ಹಡಗುಗಳು ಸಿಗುತ್ತವೆ. ಅದು ದಾಟಿದ ಮೇಲೆ ಬಲಗಡೆಯಿಂದ ಪೂರ್ವಕ್ಕೆ ಬರುವವು. ಇದನ್ನು ಕ್ರೂಗೆ ಮೊದಲೇ ಹೇಳಿ. ಕೈ ಕಂಪಾಸ್ ಕೊಟ್ಟು "ಈ ದೀಪದ ಡಿಗ್ರಿ ಹೇಳು, ಮೂರು ನಿಮಿಷ ಬಿಟ್ಟು ಮತ್ತೆ ಹೇಳು" ಅನ್ನಿ. ಡಿಗ್ರಿ ಬದಲಾಗದೆ ದೀಪ ದೊಡ್ಡದಾಗುತ್ತಿದ್ದರೆ ಡಿಕ್ಕಿ ಆಗುವ ದಾರಿಯಲ್ಲಿದ್ದೀರಿ ಅಂತ. ಹೊಟ್ಟೆ ಸರಿಯಿಲ್ಲದವರೂ ಈ ಕೆಲಸ ಮಾಡಬಹುದು, ಕಣ್ಣು ದೂರ ನೆಟ್ಟಿರುವುದರಿಂದ ಅವರಿಗೂ ಒಳ್ಳೆಯದು.


ಗಂಗೊಳ್ಳಿ_ಮನೆ:

ಮಾರಾಯ್ರೆ, ನಂಗೆ ಯಾಟ್ ಗೊತ್ತಿಲ್ಲ, ಚಾನೆಲ್ ನೋಡಿಲ್ಲ. ಆದರೆ ಜೋಶಿಯವರು ಹೇಳಿದ ನೀಡಲ್ಸ್ ವಿಷಯ ಓದಿ ನಮ್ಮ ಅಳಿವೆ ನೆನಪಾಗಿ ಬರೆಯುತ್ತಿದ್ದೇನೆ. ನಮ್ಮ ಮನೆಯವರು ತಲೆಮಾರಿನಿಂದ ಮೀನುಗಾರರು. ಐದು ಹೊಳೆ ಸೇರಿ ಕಡಲಿಗೆ ಬೀಳುವ ಜಾಗ ಅದು. ಇಳಿತದ ನೀರು ಹೊರಗೆ ಓಡುವಾಗ ಎದುರಿಂದ ತೆರೆ ಬಂದರೆ ಅಳಿವೆ ಬಾಯಿಯಲ್ಲಿ ತೆರೆ ಎದ್ದು ನಿಲ್ಲುತ್ತದೆ, ಬಿದ್ದು ಒಡೆಯುತ್ತದೆ. ಒಳ್ಳೊಳ್ಳೆ ದೋಣಿಗಳೂ ಅಲ್ಲಿ ಮಗುಚಿವೆ. ಅಪ್ಪ ಮೀನು ತುಂಬಿಕೊಂಡು ಬಂದರೂ ಅಳಿವೆ ಹೊರಗೇ ಎಂಜಿನ್ ನಿಧಾನ ಮಾಡಿ ಕಾಯುತ್ತಿದ್ದರು, ಉಬ್ಬರ ಶುರುವಾಗಲಿ ಅಂತ. ಮೀನಿನ ರೇಟು ಬೀಳುತ್ತದೆ ಅಂತ ದೋಣಿಯವರು ಗೊಣಗಿದರೂ ಕೇಳುತ್ತಿರಲಿಲ್ಲ.

ತಾರೀಖು ನೋಡುವಾಗ ತಿಥಿಯನ್ನೂ ನೋಡಿ ಅಂತ ನನ್ನ ಸಲಹೆ. ಹುಣ್ಣಿಮೆ, ಅಮಾವಾಸ್ಯೆ ಆದ ಒಂದೆರಡು ದಿನ ಸೆಳೆತ ಜೋರು. ಅಷ್ಟಮಿ ಕಳೆದು ದಶಮಿವರೆಗೆ ನೀರು ಸಪ್ಪೆ. ಅದು ಇಂಗ್ಲೆಂಡಾದರೂ ಗಂಗೊಳ್ಳಿಯಾದರೂ ಚಂದ್ರ ಒಬ್ಬನೇ ಅಲ್ವಾ. ಹೊಸಬರನ್ನು ಕರೆದುಕೊಂಡು ಹೋಗುವವರು ಸಪ್ಪೆ ನೀರಿನ ದಿನ ಆರಿಸಿಕೊಳ್ಳಿ.


ರೆಡಿಂಗ್_ಹಾಯಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಮೇಡಂ, ಪಟ್ಟಿಯ ಇನ್ನೊಂದು ತುದಿ ಸಿಕ್ಕಿಸಿತ್ತು, ಸ್ಕಿಪ್ಪರ್ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಜೋಶಿ ಸರ್, ಮುಂದೆ ಹೋಗಲೂ ಆಗದೆ ತಿರುಗಲೂ ಆಗದೆ ಇದ್ದರೆ ಹೀವ್ ಟು ಮಾಡಿ ನಿಲ್ಲಿಸಬಹುದು ಅಂತ ಕೋರ್ಸ್‌ನಲ್ಲಿ ಹೇಳಿಕೊಟ್ಟಿದ್ದರು. 30 ನಾಟ್‌ನಲ್ಲಿ ನಿಜವಾಗಿ ಕೆಲಸ ಮಾಡುತ್ತದಾ? ಎಂಜಿನ್ ಹಾಕಿ ಹೋಗುವುದು ಒಳ್ಳೆಯದಾ?


ಸೌತಾಂಪ್ಟನ್_ಜೋಶಿ:

ಮಾಡುತ್ತದೆ, ಬಹಳ ಚೆನ್ನಾಗಿ. ಮುಂದಿನ ಸಣ್ಣ ಹಾಯಿಯನ್ನು ಗಾಳಿ ಬರುವ ಕಡೆಗೇ ಎಳೆದು ಕಟ್ಟಿ, ವೀಲ್ (ಚುಕ್ಕಾಣಿ ತಿರುಗಿಸುವ ಚಕ್ರ) ಗಾಳಿಯ ಕಡೆಗೆ ಪೂರ್ತಿ ತಿರುಗಿಸಿ ಕಟ್ಟಿಬಿಟ್ಟರೆ ಮುಂದಿನ ಹಾಯಿ ಒಂದು ಕಡೆ ತಳ್ಳುತ್ತದೆ, ಚುಕ್ಕಾಣಿ ಇನ್ನೊಂದು ಕಡೆ ತಳ್ಳುತ್ತದೆ, ದೋಣಿ ಎರಡರ ನಡುವೆ ನಿಂತು ನಿಧಾನವಾಗಿ ಒಂದೆರಡು ನಾಟ್‌ನಲ್ಲಿ ತೇಲಿಕೊಂಡು ಹೋಗುತ್ತದೆ. ದಡ್ ದಡ್ ಅನ್ನುವುದು ನಿಲ್ಲುತ್ತದೆ. ಟೀ ಮಾಡಬಹುದು, ಬಟ್ಟೆ ಬದಲಾಯಿಸಬಹುದು, ರೀಫ್ ಹಾಕಬಹುದು. ಪ್ರತಿ ದೋಣಿಯೂ ಒಂದೊಂದು ಥರ ನಿಲ್ಲುತ್ತದೆ, ಹಗಲಲ್ಲಿ ಸೋಲೆಂಟ್‌ನಲ್ಲೇ ಮಾಡಿ ನೋಡಿ. ಹಡಗುಗಳ ಸಾಲಿನ ಮಧ್ಯೆ ಮಾತ್ರ ಬೇಡ. ಸಾಲಿಗೆ ಮೊದಲು ಮಾಡಿ, ಇಲ್ಲವೇ ದಾಟಿದ ಮೇಲೆ ಮಾಡಿ.

ಎಂಜಿನ್ ಮೇಲೆ ಅಷ್ಟು ಭರವಸೆ ಬೇಡ. ಡೀಸೆಲ್ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆ ಇಂಥ ರಾತ್ರಿಯೇ ಅಲುಗಾಡಿ ಮೇಲೆದ್ದು ಫಿಲ್ಟರ್ ಕಟ್ಟಿಸುತ್ತದೆ. ಎಂಜಿನ್ ಬೇಕೇ ಬೇಕು ಅನ್ನುವ ಹೊತ್ತಿಗೆ, ಬಂದರಿನ ಬಾಯಲ್ಲಿ, ಕೆಮ್ಮಿ ನಿಲ್ಲುತ್ತದೆ. ಬಾಡಿಗೆ ದೋಣಿ ತೆಗೆದುಕೊಳ್ಳುವಾಗ ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲು ನೋಡಿ. ಅದರಲ್ಲಿ ನೀರೋ ಕಪ್ಪು ಲೋಳೆಯೋ ಕಂಡರೆ ಬದಲಾಯಿಸಿಯೇ ಕೊಡಿ ಅನ್ನಿ. ಬಿಡಿ ಫಿಲ್ಟರ್ ಎಲ್ಲಿದೆ ಅಂತ ಕೈಯಿಟ್ಟು ತೋರಿಸಲಿ.

ಇನ್ನೂ ಒಂದು ಮಾತು, ಭಯ ಹುಟ್ಟಿಸಲು ಅಲ್ಲ. 1979ರ ಫಾಸ್ಟ್‌ನೆಟ್ ಹಾಯಿದೋಣಿ ರೇಸ್‌ನಲ್ಲಿ 303 ದೋಣಿ ಹೊರಟಿದ್ದವು, ಬಿರುಗಾಳಿಗೆ ಸಿಕ್ಕಿ ರೇಸ್‌ನಲ್ಲಿದ್ದ 15 ಜನ ತೀರಿಕೊಂಡರು. 24 ದೋಣಿಗಳನ್ನು ಜನ ಬಿಟ್ಟು ಹೋದರು, ಅದರಲ್ಲಿ ಹೆಚ್ಚಿನವು ಆಮೇಲೆ ತೇಲುತ್ತಲೇ ಸಿಕ್ಕವು. ನಿಮ್ಮ ರಾತ್ರಿಗೂ ಅದಕ್ಕೂ ಹೋಲಿಕೆಯೇ ಇಲ್ಲ, ಆದರೂ ಕ್ರೂಗೆ ಇದನ್ನು ಹೇಳಿ. ದೋಣಿ ಎಷ್ಟು ಸದ್ದು ಮಾಡಿದರೂ ಜನಕ್ಕಿಂತ ಬಹಳ ಹೊತ್ತು ತಾಳುತ್ತದೆ, ಮುಳುಗುತ್ತಿಲ್ಲ ಅಂದರೆ ಅದನ್ನು ಬಿಟ್ಟು ಇಳಿಯಬಾರದು.


ಬಂಕಿನಲ್ಲಿದ್ದವಳು:

ಆ ದೋಣಿಯಲ್ಲಿದ್ದ ಹೆಂಡತಿ ನಾನೇ. ಇವರು ಬರೆದದ್ದನ್ನೂ ನೀವೆಲ್ಲ ಹೇಳಿದ್ದನ್ನೂ ಓದಿದೆ. ನನ್ನ ಕಡೆಯಿಂದಲೂ ಎರಡು ಮಾತು ಹೇಳಬೇಕು.

ಜೋಶಿಯವರೇ, ದೋಣಿ ತಾಳುತ್ತದೆ ಅಂತ ಈಗ ಹೇಳಿದಿರಲ್ಲ, ಆ ಮಾತು ನನಗೆ ಆ ರಾತ್ರಿ ಬೇಕಿತ್ತು. ಕೆಳಗೆ ಮಲಗಿದ್ದಾಗ ಖಾಲಿ ಡ್ರಮ್ಮಿನೊಳಗೆ ಕೂರಿಸಿ ಹೊರಗಿಂದ ಬಡಿದ ಹಾಗಿತ್ತು. ಪ್ರತಿ ಸಲ ದಡ್ ಅಂದಾಗ ತಳ ಒಡೆಯಿತು ಅಂದುಕೊಂಡೆ. ಮೇಲೆ ಇವರಿಬ್ಬರೂ ಕೂಗಾಡುವುದು ಕೇಳಿಸುತ್ತಿತ್ತು, ಏನು ಅಂತ ತಿಳಿಯುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಅದು ಜಗಳವೂ ಅಲ್ಲ, ಗಾಬರಿಯೂ ಅಲ್ಲ, ಗಾಳಿ ಸದ್ದಿನಲ್ಲಿ ಕೇಳಲಿ ಅಂತ ಜೋರಾಗಿ ಮಾತಾಡುತ್ತಿದ್ದದ್ದು. ಯಾರಾದರೂ ಗಂಟೆಗೊಮ್ಮೆ ಬಾಗಿಲಲ್ಲಿ ತಲೆ ಹಾಕಿ "ಇಷ್ಟು ದೂರ ಬಂದಿದ್ದೇವೆ, ಇನ್ನಿಷ್ಟು ಇದೆ, ದೋಣಿ ಸರಿಯಾಗಿದೆ" ಅಂದಿದ್ದರೆ ಸಾಕಿತ್ತು.

ತಮ್ಮನನ್ನು ನೋಡಿಕೊಳ್ಳುತ್ತಿದ್ದಷ್ಟು ಹೊತ್ತು ನಾನು ಚೆನ್ನಾಗಿಯೇ ಇದ್ದೆ. ಅವನು ಮಲಗಿದ ಮೇಲೆ ನನಗೆ ಕೆಲಸ ಇರಲಿಲ್ಲ. ಸುಮ್ನೆ ಕೂತು ಮುಂದಿನ ಅಲೆ ಕಾಯುವುದು. ಅರ್ಧ ಗಂಟೆಯಲ್ಲಿ ನನಗೂ ಶುರುವಾಯಿತು. ನಮ್ಮ ನೌಕಾಪಡೆಯ ತಾರಿಣಿ ಹಾಯಿದೋಣಿಯಲ್ಲಿ ಆರು ಹೆಣ್ಣುಮಕ್ಕಳು ಗೋವಾದಿಂದ ಹೊರಟು ಭೂಮಿ ಸುತ್ತಿ 2018ರಲ್ಲಿ ವಾಪಸ್ ಬಂದರು. ಅವರ ಥರ ತರಬೇತಿ ನನಗಿಲ್ಲ, ಆ ದೋಣಿಯೂ 56 ಅಡಿ. ಆದರೆ ಅಲ್ಲಿ ಪ್ರತಿಯೊಬ್ಬರಿಗೂ ಕೆಲಸ ಇತ್ತು. ನನಗೂ ವೀಲ್ ಕೊಡಿ. ರಾತ್ರಿ ಅಲೆಯಲ್ಲಿ ಹಿಡಿಯುವುದು ಹೇಗೆ ಅಂತ ಹೇಳಿಕೊಡಿ. ಹಗಲಲ್ಲಿ ಹಿಡಿದಿದ್ದೇನೆ.


ಸೌತಾಂಪ್ಟನ್_ಜೋಶಿ:

ಅಮ್ಮಾ, ಹೊಟ್ಟೆ ತೊಳಸುವವರಿಗೆ ವೀಲ್ ಒಳ್ಳೆಯ ಔಷಧಿ. ದೋಣಿ ಮುಂದೆ ಏನು ಮಾಡುತ್ತದೆ ಅಂತ ಕೈಗೆ ಮೊದಲೇ ತಿಳಿಯುತ್ತದಲ್ಲ, ಅದರಿಂದ.

ರಾತ್ರಿ ಎಲ್ಲರೂ ಕಂಪಾಸ್ ನೋಡುತ್ತಾ ಕೂರುತ್ತಾರೆ. ಹಾಗೆ ಮಾಡಬೇಡಿ, ಅದು ಅಲ್ಲಾಡುತ್ತಲೇ ಇರುತ್ತದೆ, ನೀವು ಅದರ ಹಿಂದೆ ಓಡುತ್ತೀರಿ, ತಲೆ ಸುತ್ತುತ್ತದೆ. ಸರಿಯಾದ ದಿಕ್ಕಿಗೆ ತಂದ ಮೇಲೆ ಕಂಬದ ಪಕ್ಕದ ತಂತಿಯ ಹತ್ತಿರ ಒಂದು ನಕ್ಷತ್ರ ಹಿಡಿಯಿರಿ, ಅದನ್ನು ಅಲ್ಲೇ ಇಟ್ಟುಕೊಂಡು ಹೋಗಿ. ನಕ್ಷತ್ರ ಸರಿಯುತ್ತದೆ, ಹದಿನೈದು ನಿಮಿಷಕ್ಕೊಮ್ಮೆ ಬೇರೆಯದು ಹಿಡಿಯಿರಿ. ಮೋಡ ಇದ್ದರೆ ಗಾಳಿ ಕೆನ್ನೆಗೆ ಎಲ್ಲಿ ತಾಗುತ್ತದೆ ಅಂತ ಗಮನಿಸಿ. ಅಲೆ ಹತ್ತುವಾಗ ಗಾಳಿಯ ಕಡೆ ಚೂರು ತಿರುಗಿಸಿ, ತುದಿ ದಾಟಿದ್ದೇ ಚೂರು ಬಿಡಿ, ಆಗ ದೋಣಿ ಹಾರಿ ಬೀಳುವುದಿಲ್ಲ, ಜಾರಿ ಇಳಿಯುತ್ತದೆ. ಅಲೆಯ ಬಿಳಿ ನೊರೆ ಕತ್ತಲಲ್ಲೂ ಕಾಣುತ್ತದೆ, ಕಣ್ಣು ಒಗ್ಗಬೇಕು ಅಷ್ಟೇ. ಒಳಗೆ ಬಿಳಿ ದೀಪ ಹಾಕಬೇಡಿ, ಕೆಂಪು ಮಾತ್ರ. ಅರ್ಧ ಗಂಟೆ ಹಿಡಿಯಿರಿ, ಬಿಟ್ಟುಕೊಡಿ, ಗಂಜಿ ಕುಡಿಯಿರಿ, ಮತ್ತೆ ಹಿಡಿಯಿರಿ.

ನಿಮ್ಮ ಮನೆಯವರಿಗೆ: ಸೆಪ್ಟೆಂಬರ್‌ನಲ್ಲಿ ನೀರು ಜೂನ್‌ಗಿಂತ ಬೆಚ್ಚಗಿರುತ್ತದೆ, ಆದರೆ ಕತ್ತಲೆ ಬಹಳ ಉದ್ದ. ತಿಂಗಳ ಕೊನೆಗೆ ಉಬ್ಬರ ಇಳಿತವೂ ದೊಡ್ಡದು. ತಿಂಗಳ ಮೊದಲ ಅರ್ಧದಲ್ಲಿ ಸಪ್ಪೆ ನೀರಿನ ದಿನ ನೋಡಿ. ಅದಕ್ಕೂ ಮೊದಲು ಒಂದು ರಾತ್ರಿ ಸೋಲೆಂಟ್‌ನಿಂದ ಸ್ಟಡ್‌ಲ್ಯಾಂಡ್‌ವರೆಗೆ ಹೋಗಿ ಬನ್ನಿ, ನಿಮ್ಮ ಹೆಂಡತಿ ವಾಚ್ ಲೀಡರ್, ನೀವು ಮಲಗುವವರು.


ರೆಡಿಂಗ್_ಹಾಯಿ:

ಆಯಿತು ಸರ್, ಹಾಗೇ ಮಾಡುತ್ತೇವೆ. ಆಗಸ್ಟ್‌ನಲ್ಲಿ ಸ್ಟಡ್‌ಲ್ಯಾಂಡ್, ಇಬ್ಬರೂ ಒಪ್ಪಿದ್ದೇವೆ, ಗೆಳೆಯನೂ ಬರುತ್ತೇನೆ ಅಂದ. ಭಾವಮೈದುನ ಶೆರ್ಬೂರ್‌ಗೆ ಫೆರ್ರಿಯಲ್ಲಿ ಬಂದು ಸೇರಿಕೊಳ್ಳಲಿ, ಅವನನ್ನು ಒತ್ತಾಯ ಮಾಡುವುದಿಲ್ಲ. ದೋಣಿ ಕೊಡುವವರಿಗೆ ಇವತ್ತೇ ಮೇಲ್ ಹಾಕಿದೆ: ಎಐಎಸ್ ಕಳಿಸುವ ಸೆಟ್ ಇದೆಯಾ, ಎಷ್ಟು ಬಂಕಿಗೆ ಲೀ ಕ್ಲಾತ್ ಇದೆ, ಫಿಲ್ಟರ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.